ಹೆಸರು ಹಾಕದ ಪುಟಗಳು: ವುಡ್‌ಹೌಸ್ 'ಪಂಚ್' ಪತ್ರಿಕೆಯಲ್ಲಿ ಕೈ ಪಳಗಿಸಿಕೊಂಡದ್ದು ಹೇಗೆ

ಹೋದ ತಿಂಗಳು ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಹಳೇ ಪುಟದ ಫೋಟೊ ಕಳಿಸಿದ. 1902ರ ಲಂಡನ್ನಿನ 'ಪಂಚ್' ಪತ್ರಿಕೆಯದು. ಚಿಕ್ಕ ಅಕ್ಷರ, ಎರಡು ಕಾಲಮ್ಮು, ಕೊನೆಯಲ್ಲಿ ಲೇಖಕನ ಹೆಸರೇ ಇಲ್ಲ. "ಇದು ವುಡ್‌ಹೌಸ್ ಬರೆದದ್ದಂತೆ. ಹೆಸರೇ ಇಲ್ಲದ ಮೇಲೆ ಅದು ಹೇಗಪ್ಪಾ ಗೊತ್ತಾಯ್ತು?" ಅಂತ ಕೇಳಿದ್ದ.

ಒಳ್ಳೆಯ ಪ್ರಶ್ನೆಯೇ. ಈಗ ಇಂಥ ಹಳೇ ಪುಟಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಇಂಗ್ಲಿಷ್ ನಗೆಗಾರ ವುಡ್‌ಹೌಸ್ ಸೃಷ್ಟಿಸಿದ ಜೀವ್ಸ್ ಎಂಬ ಮಹಾ ಬುದ್ಧಿವಂತ ಸೇವಕ, ಬರ್ಟಿ ಎಂಬ ಪೆದ್ದು ಯಜಮಾನ, ಇವರನ್ನು ಓದಿ ನಕ್ಕವರು ನಮ್ಮಲ್ಲೂ ಜಾಸ್ತಿ. ಅವರ ಕೈಗೆ ಇದ್ದಕ್ಕಿದ್ದಂತೆ ಜೀವ್ಸ್ ಹುಟ್ಟುವುದಕ್ಕೆ 13 ವರ್ಷ ಮೊದಲಿನ ಬರಹ ಬಂದು ಬೀಳುತ್ತದೆ. ಪತ್ರಿಕೆ ಯಾವುದು, ಕಾಲ ಎಂಥದು, ಯಾವ ಜೋಕಿಗೆ ನಗಬೇಕು, ಒಂದೂ ತಿಳಿಯುವುದಿಲ್ಲ. ಅದಕ್ಕೇ ಬುಡದಿಂದ ಶುರು ಮಾಡೋಣ.

ಪಂಚ್ ಅಂದರೆ ಗುದ್ದಲ್ಲ

ಪಂಚ್ ಅಂದರೆ ಒಂದು ಗೊಂಬೆ. ಇಂಗ್ಲೆಂಡಿನ ಸಮುದ್ರ ತೀರಗಳಲ್ಲಿ ಮಕ್ಕಳಿಗೆ ಗೊಂಬೆಯಾಟ ಆಡಿಸುತ್ತಿದ್ದರು. ಅದರಲ್ಲಿ ಕೊಕ್ಕೆ ಮೂಗಿನ, ಕೈಯಲ್ಲಿ ಕೋಲು ಹಿಡಿದ ಒಬ್ಬ ಕಿಲಾಡಿ. ಹೆಂಡತಿ, ಪೊಲೀಸು, ಕೊನೆಗೆ ಸೈತಾನ, ಯಾರು ಎದುರು ಬಂದರೂ ಬಾರಿಸುತ್ತಾನೆ. ಅವನೇ ಮಿಸ್ಟರ್ ಪಂಚ್. 1841ರ ಜುಲೈ 17ರಂದು ಹೆನ್ರಿ ಮೇಹ್ಯೂ, ಎಬೆನೆಜರ್ ಲ್ಯಾಂಡೆಲ್ಸ್ ಮತ್ತು ಗೆಳೆಯರು ಒಂದು ನಗೆ ವಾರಪತ್ರಿಕೆ ಶುರು ಮಾಡಿದಾಗ ಆ ಗೊಂಬೆಯ ಹೆಸರನ್ನೇ ಇಟ್ಟರು. ಬೆಲೆ ಮೂರು ಪೆನ್ಸ್.

ನಾವು ದಿನಾ ಬಳಸುವ 'ಕಾರ್ಟೂನ್' ಅನ್ನುವ ಪದಕ್ಕೆ ಈಗಿನ ಅರ್ಥ ಬಂದದ್ದು ಈ ಪತ್ರಿಕೆಯಿಂದ. ಮೊದಲು ಅದು ದೊಡ್ಡ ವರ್ಣಚಿತ್ರ ಬಿಡಿಸುವ ಮುಂಚೆ ಹಾಕುವ ಕರಡು ಚಿತ್ರದ ಹೆಸರಾಗಿತ್ತು. 1843ರಲ್ಲಿ ಪಾರ್ಲಿಮೆಂಟಿನ ಗೋಡೆಗಳಿಗೆ ಭಿತ್ತಿಚಿತ್ರ ಬೇಕೆಂದು ಅಂಥ ಕರಡುಗಳ ಪ್ರದರ್ಶನ ನಡೆಯಿತು. ಪಂಚ್ ಅದನ್ನು ಅಣಕಿಸಿ ತನ್ನ ವ್ಯಂಗ್ಯಚಿತ್ರಗಳಿಗೂ 'ಕಾರ್ಟೂನ್' ಅಂತ ಹೆಸರಿಟ್ಟಿತು. ಪ್ರದರ್ಶನ ಮರೆತುಹೋಯಿತು, ಹೆಸರು ಉಳಿಯಿತು. ಪತ್ರಿಕೆಯ ಗಾಳಿ ನಮ್ಮ ದೇಶಕ್ಕೂ ಬಂತು. ಲಖನೌದಲ್ಲಿ 1877ರಲ್ಲೇ 'ಅವಧ್ ಪಂಚ್' ಎಂಬ ಉರ್ದು ವಾರಪತ್ರಿಕೆ ಹುಟ್ಟಿತು.

ಹೆಸರು ಹಾಕದೇ ಇರೋದಕ್ಕೂ ಈ ಗೊಂಬೆಗೂ ಸಂಬಂಧ ಇದೆ. ಪತ್ರಿಕೆಯಲ್ಲಿ ಮಾತಾಡುವವನು ಮಿಸ್ಟರ್ ಪಂಚ್ ಒಬ್ಬನೇ ಅಂತ ಅವರ ಲೆಕ್ಕ. ಗೊಂಬೆ ಒಂದೇ, ಒಳಗಿನ ಕೈ ಮಾತ್ರ ಬೇರೆ ಬೇರೆ. ನಮ್ಮ ದಿನಪತ್ರಿಕೆಗಳ ಸಂಪಾದಕೀಯಕ್ಕೆ ಬರೆದವರ ಹೆಸರು ಇರುತ್ತದೆಯೇ? ಹಾಗೆಯೇ ಅಂದುಕೊಳ್ಳಿ. ಇಪ್ಪತ್ತರ ಹುಡುಗ ಬರೆದರೂ, ಮೂವತ್ತು ವರ್ಷದಿಂದ ಬರೆಯುತ್ತಿದ್ದವರು ಬರೆದರೂ, ಓದುಗನಿಗೆ ಕೇಳಿಸುವುದು ಒಂದೇ ಧ್ವನಿ.

ರೂಪಾಯಿ ಬಿತ್ತು, ಹುಡುಗ ಬ್ಯಾಂಕಿಗೆ ಹೋದ

ಪೆಲ್ಹಮ್ ಗ್ರೆನ್‌ವಿಲ್ ವುಡ್‌ಹೌಸ್ ಹುಟ್ಟಿದ್ದು 1881ರ ಅಕ್ಟೋಬರ್ 15ರಂದು, ಇಂಗ್ಲೆಂಡಿನ ಗಿಲ್ಡ್‌ಫರ್ಡಿನಲ್ಲಿ. ಇಂಗ್ಲಿಷ್ ಕಾಗುಣಿತ ನೋಡಿದರೆ 'ವೋಡ್‌ಹೌಸ್' ಅನ್ನಬೇಕು ಅನ್ನಿಸುತ್ತದೆ, ಆದರೆ ಉಚ್ಚಾರ 'ವುಡ್'. ಮನೆಯವರು, ಗೆಳೆಯರು ಕರೆಯುತ್ತಿದ್ದದ್ದು 'ಪ್ಲಮ್'. ಪೆಲ್ಹಮ್ ಅಂತ ಬೇಗ ಬೇಗ ಹೇಳಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ.

ಅಪ್ಪ ಹಾಂಗ್‌ಕಾಂಗಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದವರು. ನಿವೃತ್ತರಾದ ಮೇಲೆ ಅವರ ಪೆನ್ಷನ್ ಬರುತ್ತಿದ್ದದ್ದು ನಮ್ಮ ರೂಪಾಯಿ ಲೆಕ್ಕದಲ್ಲಿ ಅಂತ ವುಡ್‌ಹೌಸ್ ಮುಂದೆ ಬರೆದಿದ್ದಾನೆ. ತೊಂದರೆ ಅಲ್ಲೇ ಇತ್ತು. ಆಗ ರೂಪಾಯಿ ಬೆಳ್ಳಿಯದು, ಪೌಂಡು ಚಿನ್ನದ್ದು. ಬೆಳ್ಳಿಯ ಬೆಲೆ ಕುಸಿದಂತೆ ರೂಪಾಯಿಯೂ ಕುಸಿಯಿತು. 1870ರ ಸುಮಾರಿಗೆ ಒಂದು ರೂಪಾಯಿಗೆ ಎರಡು ಶಿಲ್ಲಿಂಗ್ ಹತ್ತಿರ ಸಿಗುತ್ತಿತ್ತು. 1890ರ ದಶಕದಲ್ಲಿ ಅದು ಒಂದು ಶಿಲ್ಲಿಂಗ್ ಎರಡು ಪೆನ್ಸಿನ ಆಸುಪಾಸಿಗೆ ಇಳಿದಿತ್ತು. 20 ಶಿಲ್ಲಿಂಗಿಗೆ ಒಂದು ಪೌಂಡು, 12 ಪೆನ್ಸಿಗೆ ಒಂದು ಶಿಲ್ಲಿಂಗು. ಅಂದರೆ ಸಾವಿರ ರೂಪಾಯಿ ಬಂದರೆ ಮೊದಲು 100 ಪೌಂಡು ಕೈಗೆ ಸಿಗುತ್ತಿತ್ತು, ಈಗ 58. ಮನೆಯ ಖರ್ಚನ್ನೆಲ್ಲ ರೂಪಾಯಿಯ ಮುಖ ನೋಡಿಕೊಂಡೇ ಮಾಡಬೇಕಿತ್ತು.

ಅಣ್ಣ ಆರ್ಮಿನ್ ಆಕ್ಸ್‌ಫರ್ಡಿಗೆ ಹೋಗಿದ್ದ. ತಮ್ಮನ ಸರದಿ ಬಂದಾಗ ಇಬ್ಬರನ್ನೂ ಓದಿಸುವ ಶಕ್ತಿ ಇಲ್ಲ ಅಂದರು ಅಪ್ಪ. (ಆ ಅಣ್ಣ ಮುಂದೆ ಭಾರತಕ್ಕೇ ಬಂದು ಕಾಶಿಯಲ್ಲಿ ಮೇಷ್ಟರಾದ, ಅದು ಬೇರೆ ಕಥೆ.) ಡಲ್ವಿಚ್ ಶಾಲೆ ಮುಗಿಸಿದ ಪ್ಲಮ್ 1900ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಲಂಡನ್ ಕಚೇರಿಗೆ ಗುಮಾಸ್ತನಾಗಿ ಸೇರಿದ. ಸಂಬಳ ವರ್ಷಕ್ಕೆ 80 ಪೌಂಡು, ಅಪ್ಪ ಕೊಡುತ್ತಿದ್ದದ್ದು ಇನ್ನೊಂದು 80.

ಆ ಬ್ಯಾಂಕಿನ ಪದ್ಧತಿ ಹೀಗಿತ್ತು: ಎರಡು ವರ್ಷ ಲಂಡನ್ನಿನಲ್ಲಿ ತರಬೇತಿ, ಆಮೇಲೆ ಪೂರ್ವದೇಶದ ಯಾವುದೋ ಶಾಖೆಗೆ ವರ್ಗ. ಲೆಕ್ಕ ಅಂದರೆ ತಲೆ ತಿರುಗುತ್ತಿದ್ದ ಹುಡುಗನಿಗೆ ಆ ವರ್ಗಾವಣೆ ಗಲ್ಲುಶಿಕ್ಷೆಯ ದಿನಾಂಕದ ಹಾಗೆ ಕಾಣುತ್ತಿತ್ತು. ಅಷ್ಟರೊಳಗೆ ಬರೆದು ಬದುಕಬಲ್ಲೆ ಅಂತ ತೋರಿಸಬೇಕು. ಸಂಜೆ ಕೋಣೆಗೆ ಬಂದು ಬರೆಯತೊಡಗಿದ.

ಆಗ ಬರೆದು ಬದುಕೋದು ಸಾಧ್ಯವಿತ್ತೇ?

ಇತ್ತು. 1870ರ ಶಿಕ್ಷಣ ಕಾಯ್ದೆಯ ಮೇಲೆ ಇಂಗ್ಲೆಂಡಿನಲ್ಲಿ ಓದು ಬಲ್ಲವರ ಸಂಖ್ಯೆ ಏರಿತ್ತು. ಇವರಿಗಾಗಿ ಅಗ್ಗದ ಪತ್ರಿಕೆಗಳು ಅಣಬೆಯಂತೆ ಎದ್ದವು. 1881ರಲ್ಲಿ 'ಟಿಟ್-ಬಿಟ್ಸ್', 1891ರಲ್ಲಿ 'ಸ್ಟ್ರ್ಯಾಂಡ್', ಹೀಗೆ. ಟಿವಿ ಇಲ್ಲ, ರೇಡಿಯೊ ಇಲ್ಲ. ರೈಲಿನಲ್ಲಿ ಕೂತವನಿಗೆ ಹೊತ್ತು ಕಳೆಯಲು ಪತ್ರಿಕೆಯೇ ಗತಿ. ಅಷ್ಟು ಪುಟ ತುಂಬಿಸಬೇಕಲ್ಲ? ಹಾಗಾಗಿ ಸಂಪಾದಕರು ಅಂಚೆಯಲ್ಲಿ ಬಂದ ಬರಹವನ್ನೂ ತಿರುವಿ ಹಾಕುತ್ತಿದ್ದರು.

ವುಡ್‌ಹೌಸ್‌ಗೆ ಬರಹದಿಂದ ಬಂದ ಮೊದಲ ದುಡ್ಡು ಅರ್ಧ ಗಿನಿ, ಅಂದರೆ ಹತ್ತೂವರೆ ಶಿಲ್ಲಿಂಗು. ಇನ್ನೂ ಶಾಲೆಯಲ್ಲಿದ್ದಾಗ, 1900ರಲ್ಲಿ, 'ಪಬ್ಲಿಕ್ ಸ್ಕೂಲ್ ಮ್ಯಾಗಜೀನ್' ಕೊಟ್ಟದ್ದು. ಸುಮ್ನೆ ಹೋಲಿಸಿ ನೋಡಿ: ಬ್ಯಾಂಕಿನ ಸಂಬಳ ವಾರಕ್ಕೆ ಸುಮಾರು 31 ಶಿಲ್ಲಿಂಗು. ಒಂದು ಸಣ್ಣ ಲೇಖನಕ್ಕೆ ವಾರದ ಸಂಬಳದ ಮೂರನೇ ಒಂದು ಪಾಲು!

ಹೊಸ ಲೆಡ್ಜರಿನ ಮೊದಲ ಪುಟ

ಬ್ಯಾಂಕಿನಲ್ಲಿ ನಡೆದ ಒಂದು ಪ್ರಸಂಗವನ್ನು ವುಡ್‌ಹೌಸ್ ವಯಸ್ಸಾದ ಮೇಲೆ ಹೇಳಿಕೊಂಡಿದ್ದಾನೆ. ನಗೆಗಾರ ತನ್ನ ಬಗ್ಗೆ ತಾನೇ ಹೇಳುವ ಕಥೆ, ಸ್ವಲ್ಪ ಉಪ್ಪು ಖಾರ ಬಿದ್ದಿರಲೂಬಹುದು.

ವಿಭಾಗಕ್ಕೆ ಒಂದು ಹೊಸ ಲೆಡ್ಜರ್ ಬಂತು. ಮೊದಲ ಪುಟ ಹಾಲಿನಂತೆ ಬಿಳಿ. ಅದನ್ನು ನೋಡಿ ಹುಡುಗನ ಕೈ ತಡೆಯಲಿಲ್ಲ. 'ನೂತನ ಲೆಡ್ಜರಿನ ಉದ್ಘಾಟನಾ ಸಮಾರಂಭ' ಅಂತ ಒಂದು ತಮಾಷೆಯ ವರದಿಯನ್ನು ಆ ಪುಟದ ಮೇಲೇ ಬರೆದುಬಿಟ್ಟ. ಆಮೇಲೆ ಎದೆ ಢವಢವ. ಚಾಕು ತಗೊಂಡು ಪುಟ ಕತ್ತರಿಸಿ ತೆಗೆದ. ಮುಖ್ಯ ಕ್ಯಾಷಿಯರಿಗೂ ಪುಸ್ತಕ ಸರಬರಾಜು ಮಾಡುವವನಿಗೂ ಮೊದಲೇ ಆಗುತ್ತಿರಲಿಲ್ಲ. ಪುಟ ಕಡಿಮೆ ಇರುವ ಲೆಡ್ಜರ್ ಕೊಟ್ಟಿದ್ದೀಯ ಅಂತ ಕ್ಯಾಷಿಯರ್ ಹಾರಾಡಿದರು. ಯಾರೋ ಕತ್ತರಿಸಿದ್ದಾರೆ, ಇಂಥ ಕೆಲಸ ತಲೆ ಕೆಟ್ಟವನೇ ಮಾಡಬೇಕು, ಅಂಥವರು ಯಾರಾದರೂ ನಿಮ್ಮಲ್ಲಿದ್ದಾರಾ ಅಂತ ಅವನು ಕೇಳಿದ. ಕ್ಯಾಷಿಯರಿಗೆ ಯೋಚಿಸಬೇಕಾಗಲೇ ಇಲ್ಲ. ವುಡ್‌ಹೌಸ್ ಅಂತ ಒಬ್ಬನಿದ್ದಾನೆ ಅಂದರು.

ಈ ಲೆಡ್ಜರನ್ನು ನೆನಪಿನಲ್ಲಿಡಿ. ಗೆಳೆಯನ ಪ್ರಶ್ನೆಗೆ ಉತ್ತರ ಕೊಡುವಾಗ ಇನ್ನೊಂದು ಲೆಡ್ಜರ್ ಬರುತ್ತದೆ.

1902ರ ಸೆಪ್ಟೆಂಬರ್

ಲಂಡನ್ನಿನಲ್ಲಿ 'ಗ್ಲೋಬ್' ಎಂಬ ಸಂಜೆ ಪತ್ರಿಕೆ ಇತ್ತು. ಅದರ ಮುಖಪುಟದಲ್ಲಿ ದಿನದ ಸುದ್ದಿಗಳ ಮೇಲೆ ಒಂದೊಂದು ಸಾಲಿನ ಕುಚೋದ್ಯ ಮಾಡುವ ಅಂಕಣ. ಅದನ್ನು ಬರೆಯುತ್ತಿದ್ದವರಲ್ಲಿ ಒಬ್ಬರು ಡಲ್ವಿಚ್ ಶಾಲೆಯಲ್ಲಿ ಮೇಷ್ಟರಾಗಿದ್ದ ವಿಲಿಯಂ ಬೀಚ್ ಥಾಮಸ್. ಅವರು ಐದು ವಾರ ರಜೆಗೆ ಹೊರಟಾಗ ವುಡ್‌ಹೌಸ್‌ನನ್ನು ಕರೆದರು. ಐದೇ ವಾರದ ಕೆಲಸ. ಅದಕ್ಕಾಗಿ ಬ್ಯಾಂಕಿನ ಕಾಯಂ ನೌಕರಿ ಬಿಡುವುದಾ? ಬಿಟ್ಟ. ಸೆಪ್ಟೆಂಬರ್ 9ಕ್ಕೆ ಬ್ಯಾಂಕಿನಿಂದ ಹೊರಗೆ. 17ರ ಪಂಚ್ ಸಂಚಿಕೆಯಲ್ಲಿ ಮೊದಲ ಬರಹ. 18ಕ್ಕೆ ಮೊದಲ ಪುಸ್ತಕ, ಶಾಲೆಯ ಕಥೆ 'ದಿ ಪಾಟ್‌ಹಂಟರ್ಸ್'. ಹತ್ತು ದಿನದೊಳಗೆ ಮೂರೂ ಆಗಿಹೋದವು. ಆಗ ಅವನಿಗೆ ಇನ್ನೂ 21 ತುಂಬಿರಲಿಲ್ಲ.

ವಾಪಸ್ ಚೀಟಿ ಸಂಗ್ರಹಿಸಿದವನ ಕಥೆ

ಸೆಪ್ಟೆಂಬರ್ 17ರ ಆ ಬರಹದ ಹೆಸರನ್ನು ಕನ್ನಡದಲ್ಲಿ 'ಪೂರ್ತಿಯಾಗದ ಸಂಗ್ರಹ' ಅನ್ನಬಹುದು. ಗೆಳೆಯ ಕಳಿಸಿದ ಪುಟ ಇದೇ. ಐದು ನಿಮಿಷದ ಓದು.

ಓದುವ ಮುಂಚೆ ಒಂದು ವಿಷಯ ಗೊತ್ತಿರಬೇಕು. ಆಗ ಬರಹ ಬೇಡವೆಂದರೆ ಪತ್ರಿಕೆಗಳು ಅದನ್ನು ಒಂದು ಅಚ್ಚು ಹಾಕಿದ ಚೀಟಿ ಸಮೇತ ವಾಪಸ್ ಕಳಿಸುತ್ತಿದ್ದವು. 'ವಿಷಾದದಿಂದ ಹಿಂತಿರುಗಿಸಿದೆ' ಅನ್ನುವ ಚೀಟಿ ನಮ್ಮ ಹಳೆಯ ಲೇಖಕರಿಗೂ ಚೆನ್ನಾಗಿ ಗೊತ್ತು, ಅಲ್ವಾ?

ಕ್ಲಬ್ಬಿನ ಕೋಣೆಯಲ್ಲಿ ನಾಲ್ಕಾರು ಜನ ಕೂತಿದ್ದಾರೆ. ಯುದ್ಧದಿಂದ ಮರಳಿದ ಸೈನಿಕನೊಬ್ಬ, ಜಾರ್ಜ್ ವ್ಯಾಂಡರ್‌ಪೂಪ್ ಎಲ್ಲಿ ಅಂತ ಕೇಳುತ್ತಾನೆ. (ದಕ್ಷಿಣ ಆಫ್ರಿಕದ ಬೋಯರ್ ಯುದ್ಧ ಆ ವರ್ಷದ ಮೇ ತಿಂಗಳಲ್ಲಷ್ಟೇ ಮುಗಿದಿತ್ತು. ಓದುಗರಿಗೆ ವಿವರಿಸುವ ಅಗತ್ಯವೇ ಇರಲಿಲ್ಲ.) ಎಲ್ಲರಿಗೂ ಮುಜುಗರ. ಇಂಥ ವಿಷಯವನ್ನು ನಯವಾಗಿ ಹೇಳುವುದರಲ್ಲಿ ಸ್ಮಿತ್ಸನ್ ಎತ್ತಿದ ಕೈ. ಅವನು ಬಾಯಿ ತೆಗೆದವನೇ "ದಿವಂಗತ ಜಾರ್ಜ್" ಅಂತ ಶುರು ಮಾಡುತ್ತಾನೆ!

ಜಾರ್ಜ್ ಲೇಖಕನಾಗಲು ಹೊರಟವನು. ಅವನಿಗೊಂದು ಚಟ ಅಂಟಿತು, ಪತ್ರಿಕೆಗಳ ವಾಪಸ್ ಚೀಟಿ ಸಂಗ್ರಹಿಸುವುದು. ಮೊದಲು ಅಂಚೆಚೀಟಿಯ ಕಾಯಿಲೆ, ಆಮೇಲೆ ಹಸ್ತಾಕ್ಷರದ ಕಾಯಿಲೆ ಬಂದು ವಾಸಿಯಾಗಿತ್ತು. ಈ ಮೂರನೆಯದು ಬಿಡಲಿಲ್ಲ. ಅವನ ಒಂದು ಕಥೆ ಎಷ್ಟು ಕೆಟ್ಟದಾಗಿತ್ತೆಂದರೆ ಅದೊಂದರಿಂದಲೇ ಮೂವತ್ತು ಚೀಟಿ ಬಂದವು. ವರ್ಷದೊಳಗೆ ಎಲ್ಲ ಸಿಕ್ಕಿತು, ಒಂದು ಗಂಭೀರ ಪತ್ರಿಕೆಯದು ಮಾತ್ರ ಬಾಕಿ. ಅದಕ್ಕೆ ವಿಕಾಸವಾದದ ಮೇಲೆ ಒಂದು ದರಿದ್ರ ಪ್ರಬಂಧ ಕಳಿಸಿದ. ಅವರು ಅಚ್ಚು ಹಾಕಿಬಿಟ್ಟರು. ಆ ಮೂವತ್ತು ಚೀಟಿಯ ಕಥೆ ಕಳಿಸಿದ. ಸುಮಾರು ನೂರು ವರ್ಷದಿಂದ ಕಥೆಯನ್ನೇ ಹಾಕದ ಪತ್ರಿಕೆ ಅದನ್ನೂ ಹಾಕಿ, ಇನ್ನಷ್ಟು ಕಳಿಸಿ ಅಂದಿತು. ಕೊನೆಗೆ ಒಂದು ಭಯಂಕರ ಅಣಕವಾಡು ಬರೆದು ಕಳಿಸಿದ. ಉದ್ದನೆಯ ಲಕೋಟೆ ವಾಪಸ್ ಬಂತು. ಅಂತೂ ಗೆದ್ದೆ ಅಂತ ಒಡೆದು ನೋಡಿದ, ಒಂದು ಕೆಟ್ಟ ನಗು ನಕ್ಕ, ಅಲ್ಲೇ ಬಿದ್ದು ಸತ್ತ. ಪದ್ಯ ವಾಪಸ್ ಬಂದಿತ್ತು. ಚೀಟಿ ಇಟ್ಟಿರಲಿಲ್ಲ.

ಕಥೆ ಇಷ್ಟೇ. ಆದರೆ ಕಸುಬು ನೋಡಿ. ಎಲ್ಲರೂ ಭಯಪಡುವ ವಸ್ತುವನ್ನು ಒಬ್ಬ ಆಸೆಪಡುತ್ತಾನೆ ಅಂದುಕೊಳ್ಳೋದು, ಆಮೇಲೆ ಆ ಹುಚ್ಚನ್ನು ಕಟ್ಟುನಿಟ್ಟಾದ ತರ್ಕದಲ್ಲಿ ಕೊನೆ ತನಕ ಎಳೆಯೋದು. ಹವ್ಯಾಸವನ್ನು ಜ್ವರದ ಭಾಷೆಯಲ್ಲಿ ಹೇಳೋದು. ಕ್ಲಬ್ಬಿನಲ್ಲಿ ಒಬ್ಬ ಕಥೆ ಹೇಳಿ ಇನ್ನೊಬ್ಬ ನಡುವೆ "ಆಮೇಲೆ?" ಅನ್ನೋದು. ವುಡ್‌ಹೌಸ್ ಮುಂದಿನ ಎಪ್ಪತ್ತು ವರ್ಷ ಇದೇ ಸಾಮಾನುಗಳಿಂದ ಅಡುಗೆ ಮಾಡಿದ. 1902ರಲ್ಲಿ ಇನ್ನೂ ಸಿಕ್ಕಿರದಿದ್ದದ್ದು ಪಾತ್ರಗಳು. ಜಾರ್ಜ್ ಬರೀ ಒಂದು ಜೋಕಿನ ಗೂಟ. ಜೀವ್ಸ್ ಬಂದದ್ದು 1915ರಲ್ಲಿ.

ಪದ್ಯ ಯಾಕೆ ಬರೆಯಬೇಕಿತ್ತು?

ಪಂಚ್‌ಗೆ ವುಡ್‌ಹೌಸ್ ಪದ್ಯಗಳನ್ನೂ ಬರೆದ. ಇಲ್ಲಿ ಪದ್ಯ ಅಂದರೆ ಗಂಭೀರ ಕವಿತೆ ಅಂದುಕೊಳ್ಳಬೇಡಿ. ನಮ್ಮ ಚುಟುಕ, ಹನಿಗವನಗಳ ಇಂಗ್ಲಿಷ್ ದಾಯಾದಿ ಅದು. ಪ್ರಾಸ ಬಿಗಿಯಾಗಿರಬೇಕು, ಲಯ ಹಾಡುವ ಹಾಗಿರಬೇಕು, ವಿಷಯ ಆ ವಾರದ್ದಾಗಿರಬೇಕು. ನಮ್ಮ ಹನಿಗವನ ನಾಲ್ಕೈದು ಸಾಲಿಗೆ ಮುಗಿದರೆ ಅದು ಐದಾರು ನುಡಿ ಓಡುತ್ತದೆ.

ಸಾಮಾನ್ಯವಾಗಿ ಪದ್ಯದ ನೆತ್ತಿಯ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಒಂದು ಸಣ್ಣ ಸುದ್ದಿ ಇರುತ್ತದೆ. ಕೆಳಗಿನ ಪದ್ಯ ಅದಕ್ಕೆ ಕೊಟ್ಟ ಚೇಷ್ಟೆಯ ಉತ್ತರ. ಇವತ್ತು ನಾವು ಇವನ್ನು ಓದುವಾಗ ಎಡವೋದು ಇಲ್ಲೇ. ಸುದ್ದಿ ಸತ್ತು ನೂರಿಪ್ಪತ್ತು ವರ್ಷ ಆಗಿದೆ, ಜೋಕು ಅನಾಥ. ನಿಜ ಹೇಳಬೇಕೆಂದರೆ ಇವುಗಳಲ್ಲಿ ಕಾಲು ಭಾಗ ನನಗೆ ನಗು ತರಿಸಿಲ್ಲ.

ಆದರೆ ಷರ್ಲಾಕ್ ಹೋಮ್ಸ್ ವಿಷಯದವು ಈಗಲೂ ಜೀವಂತ. 1893ರ ಡಿಸೆಂಬರಿನಲ್ಲಿ ಕಾನನ್ ಡಾಯ್ಲ್ ತನ್ನ ಪತ್ತೇದಾರನನ್ನು ಜಲಪಾತಕ್ಕೆ ತಳ್ಳಿ ಸಾಯಿಸಿದ್ದ. 1903ರಲ್ಲಿ ಹೋಮ್ಸ್ ಮತ್ತೆ ಬರುತ್ತಾನಂತೆ ಅನ್ನುವ ಸುದ್ದಿ. ಮೇ 27ರ ಪಂಚ್‌ನಲ್ಲಿ ವುಡ್‌ಹೌಸ್ ಸ್ವಾಗತದ ಪದ್ಯ ಬರೆದ. ಶೀರ್ಷಿಕೆಯಲ್ಲಿ 'ತವರಿನ ಸ್ಟ್ರ್ಯಾಂಡ್‌ಗೆ ಮರಳಿದ' ಅನ್ನುವ ಶ್ಲೇಷೆ. ಸ್ಟ್ರ್ಯಾಂಡ್ ಅಂದರೆ ತೀರ, ತವರಿನ ತೀರಕ್ಕೆ ಮರಳೋದು ಅಂದರೆ ಊರಿಗೆ ಬರೋದು. ಹೋಮ್ಸ್ ಕಥೆಗಳು ಬರುತ್ತಿದ್ದ ಪತ್ರಿಕೆಯ ಹೆಸರೂ ಸ್ಟ್ರ್ಯಾಂಡ್!

ಅದಕ್ಕೆ ಸ್ವಲ್ಪ ಮೊದಲು, ಏಪ್ರಿಲ್ 29 ಮತ್ತು ಮೇ 6ರ ಸಂಚಿಕೆಗಳಲ್ಲಿ, ಡಡ್ಲಿ ಜೋನ್ಸ್ ಎಂಬ ಪತ್ತೇದಾರನ ಎರಡು ಕಂತಿನ ಅಣಕು ಕಥೆ ಬಂದಿತ್ತು. ಇವನು ಕಳ್ಳರನ್ನು ಹಿಡಿಯುವುದಿಲ್ಲ, 'ಬೋರ್'ಗಳನ್ನು ಬೇಟೆಯಾಡುತ್ತಾನೆ. ಅಂದರೆ ಕೊರೆಯುವವರನ್ನು. ಬೋರ್ ಹೊಡೆಸೋದಕ್ಕೂ ಬೋರ್‌ವೆಲ್ ಕೊರೆಸೋದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಇರೋದರಿಂದ ಈ ತಮಾಷೆಯನ್ನು ನಾವು ಅನುವಾದವಿಲ್ಲದೆ ಸವಿಯಬಹುದು.

ಪದ್ಯದ ಈ ಸಾಧನೆ ದಂಡವಾಗಲಿಲ್ಲ. 1904ರ ಡಿಸೆಂಬರಿನಲ್ಲೇ ಲಂಡನ್ನಿನ ಒಂದು ಸಂಗೀತ ನಾಟಕಕ್ಕೆ ಅವನ ಹಾಡು ಸೇರಿತು. ಮುಂದೆ ಜೆರೋಮ್ ಕರ್ನ್ ಎಂಬ ಸಂಯೋಜಕನ ಜೊತೆ ಬ್ರಾಡ್‌ವೇ ನಾಟಕಗಳಿಗೆ ಹಾಡು ಬರೆದು ಹೆಸರು, ದುಡ್ಡು ಎರಡೂ ಮಾಡಿದ.

ಹೆಸರಿಲ್ಲದಿದ್ದರೂ ಗೊತ್ತಾದದ್ದು ಹೇಗೆ?

ಈಗ ಗೆಳೆಯನ ಪ್ರಶ್ನೆಗೆ ಬರೋಣ. ದಾರಿ ಎರಡು.

ಒಂದು ಪಂಚ್‌ನದ್ದೇ. ಆರು ತಿಂಗಳ ಸಂಚಿಕೆಗಳನ್ನು ಸೇರಿಸಿ ದಪ್ಪ ಸಂಪುಟ ಕಟ್ಟುತ್ತಿದ್ದರು. ವಾರದ ಸಂಚಿಕೆಯಲ್ಲಿ ಇಲ್ಲದ ಹೆಸರು ಆ ಸಂಪುಟದ ಸೂಚಿಯಲ್ಲಿ ಸಿಗುತ್ತದೆ. ಗೊಂಬೆಯಾಟ ಮುಗಿದ ಮೇಲೆ ಪರದೆಯ ಹಿಂದಿನವರು ಬಂದು ಕೈ ಮುಗಿದ ಹಾಗೆ.

ಇನ್ನೊಂದು ಆ ಎರಡನೇ ಲೆಡ್ಜರ್. ಬ್ಯಾಂಕಿನ ಪುಸ್ತಕ ಹಾಳು ಮಾಡಿದ ಹುಡುಗ ತನ್ನ ಸಂಪಾದನೆಗೆ ಮಾತ್ರ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದ. 'ಸಾಹಿತ್ಯದ ಕೆಲಸಕ್ಕೆ ಬಂದ ಹಣ' ಅಂತ ಅದರ ಹೆಸರು. ಯಾವ ಪತ್ರಿಕೆ, ಯಾವ ಬರಹ, ಎಷ್ಟು ಶಿಲ್ಲಿಂಗು, ಎಲ್ಲ 1900ರಿಂದ 1908ರ ಫೆಬ್ರವರಿವರೆಗೆ ಕೈಯಾರೆ ಬರೆದಿಟ್ಟಿದ್ದಾನೆ. ನಗಿಸುವವನ ಹಿಂದೆ ಒಬ್ಬ ಗುಮಾಸ್ತನೂ ಕೂತಿದ್ದ. ಸೂಚಿಯಲ್ಲಿ ಹೆಸರು, ಲೆಕ್ಕದ ಪುಸ್ತಕದಲ್ಲಿ ದುಡ್ಡು, ಎರಡೂ ತಾಳೆಯಾದರೆ ಅನುಮಾನಕ್ಕೆ ಜಾಗವೇ ಇಲ್ಲ. "ಶೈಲಿ ನೋಡಿದರೆ ಅವನದೇ ಅನ್ನಿಸುತ್ತೆ" ಅನ್ನುವ ವಾದ ಇವೆರಡರ ಮುಂದೆ ಬಲು ದುರ್ಬಲ. ಅಂದಿನ ನಗೆ ಲೇಖಕರೆಲ್ಲ ಹೆಚ್ಚು ಕಡಿಮೆ ಒಂದೇ ಧಾಟಿಯಲ್ಲಿ ಬರೆಯುತ್ತಿದ್ದರು. ಗೊಂಬೆಯ ಧ್ವನಿ ಒಂದೇ ಇರಬೇಕಿತ್ತಲ್ಲ.

ಇವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದೇ?

ದೇಶ ನೋಡಿ ಹೇಳಬೇಕು. ವುಡ್‌ಹೌಸ್ ತೀರಿಕೊಂಡದ್ದು 1975ರ ಫೆಬ್ರವರಿ 14ರಂದು. ಬ್ರಿಟನ್ನಿನಲ್ಲಿ ಹಕ್ಕು ಲೇಖಕ ಸತ್ತು 70 ವರ್ಷದ ತನಕ, ಅಂದರೆ 2045ರ ಕೊನೆಯವರೆಗೆ. ನಮ್ಮಲ್ಲಿ 60 ವರ್ಷ, 2035ರ ಕೊನೆಯವರೆಗೆ. ಅಮೆರಿಕದಲ್ಲಿ ಇಷ್ಟು ಹಳೆಯ ಬರಹಕ್ಕೆ ಪ್ರಕಟವಾದ ದಿನದಿಂದ ಲೆಕ್ಕ, ಹಾಗಾಗಿ 1902, 1903ರವೆಲ್ಲ ಅಲ್ಲಿ ಎಂದೋ ಮುಕ್ತ. ಅನುವಾದ ಮಾಡಿ ಪುಸ್ತಕ ತರುವ ಯೋಚನೆ ಇರುವವರು ಇಲ್ಲಿನ ದಿನಾಂಕ ನೋಡಿಕೊಳ್ಳಿ.

ಮೈಸೂರಿನಿಂದ ಹೋದ ಲಕೋಟೆ

ಅದೇ ಪಂಚ್‌ಗೆ ನಮ್ಮ ಕಡೆಯಿಂದಲೂ ಒಂದು ಲಕೋಟೆ ಹೋಗಿತ್ತು. ಆರ್.ಕೆ. ನಾರಾಯಣ್ ಅವರ ತಂದೆ ಮೈಸೂರಿನ ಮಹಾರಾಜಾ ಹೈಸ್ಕೂಲಿನ ಹೆಡ್‌ಮಾಸ್ಟರು. ಶಾಲೆಗೆ ಬರುತ್ತಿದ್ದ ಇಂಗ್ಲೆಂಡಿನ ಪತ್ರಿಕೆಗಳನ್ನು ನಾರಾಯಣ್ ನುಂಗಿ ಹಾಕುತ್ತಿದ್ದರು. ವುಡ್‌ಹೌಸ್ ಅವರಿಗೆ ಪರಿಚಯವಾದದ್ದು ಸ್ಟ್ರ್ಯಾಂಡ್ ಪುಟಗಳಲ್ಲಿ. ತಮ್ಮ ಆರ್.ಕೆ. ಲಕ್ಷ್ಮಣ್ ಓದು ಬರುವ ಮೊದಲೇ ಮನೆಯಲ್ಲಿದ್ದ ಪಂಚ್ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು.

1933ರಲ್ಲಿ ನಾರಾಯಣ್ ಒಂದು ಕೀಟಲೆಯ ಬರಹ ಕಳಿಸಿದರು. ಭಾರತಕ್ಕೆ ಬಂದು ನಾಲ್ಕು ದಿನ ಸುತ್ತಿ 'ಭಾರತೀಯ ಕಾದಂಬರಿ' ಬರೆಯುವ ವಿದೇಶಿಯರನ್ನು ಅಣಕಿಸಿದ್ದು. ಪಂಚ್ ಅದನ್ನು ಪ್ರಕಟಿಸಿ ಆರು ಗಿನಿ ಕಳಿಸಿತು. ಗಿನಿ ಅಂದರೆ 21 ಶಿಲ್ಲಿಂಗು. ಆಗ ರೂಪಾಯಿ ಒಂದೂವರೆ ಶಿಲ್ಲಿಂಗಿಗೆ ನಿಂತಿತ್ತು, ಹಾಗಾಗಿ 84 ರೂಪಾಯಿ. ಬರವಣಿಗೆಯ ಮೊದಲ ವರ್ಷ ಒಂಬತ್ತು ರೂಪಾಯಿ ಹನ್ನೆರಡು ಆಣೆ ಗಳಿಸಿದ್ದವರಿಗೆ ಅದು ದೊಡ್ಡ ದುಡ್ಡೇ. ಮಾವನಾಗಲಿದ್ದವರ ಮುಂದೆ ಹೇಳಿಕೊಳ್ಳಲು ಒಂದು ವಿಷಯವೂ ಸಿಕ್ಕಿತು.

ಆಮೇಲೆ ಉತ್ಸಾಹದಿಂದ ಒಂದಾದ ಮೇಲೊಂದು ಕಳಿಸಿದರು. ಪಂಚ್ ಎಲ್ಲವನ್ನೂ ವಾಪಸ್ ಕಳಿಸಿತು. ಜಾರ್ಜ್ ವ್ಯಾಂಡರ್‌ಪೂಪ್ ಬದುಕಿದ್ದಿದ್ದರೆ ಹೊಟ್ಟೆಕಿಚ್ಚಿನಿಂದ ಮೈಸೂರಿನ ರೈಲು ಹತ್ತುತ್ತಿದ್ದ.